ಮನೆಯಲ್ಲೇ ಟಿವಿ ರೆಕಾರ್ಡ್ ಮಾಡುವ ಸರ್ವರ್: ಮೊದಲು ಬೀಗ ಇಲ್ಲದ ಸಿಗ್ನಲ್ ಹುಡುಕಿ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ಚಂದನ ವಾಹಿನಿಯ ಕೃಷಿ ಕಾರ್ಯಕ್ರಮ ಅಂದ್ರೆ ಪ್ರಾಣ. ಆದರೆ ಕಾಲುವೆ ನೀರಿನ ಪಾಳಿ ಸಂಜೆ ಬಂದರೆ ಅವರು ಗದ್ದೆಯಲ್ಲೇ ಇರಬೇಕು, ಕಾರ್ಯಕ್ರಮ ತಪ್ಪಿಹೋಗುತ್ತದೆ. ತಮ್ಮ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿದ್ದಾನೆ. ಅವನಿಗೂ ಫೋನ್‌ನಲ್ಲಿ ನೋಡುವ ಆಸೆ. ವಿಡಿಯೊ ನೋಡಿಕೊಂಡು ಆನ್‌ಲೈನ್‌ನಲ್ಲಿ ಒಂದು ನೆಟ್‌ವರ್ಕ್ ಟಿವಿ ಟ್ಯೂನರ್ (ಆಂಟೆನಾದ ಸಿಗ್ನಲ್ ಹಿಡಿದು ಮನೆಯ ನೆಟ್‌ವರ್ಕ್‌ಗೆ ಕೊಡುವ ಡಬ್ಬಿ) ತರಿಸಿದೆ. ಮಾಳಿಗೆ ಮೇಲೆ ಆಂಟೆನಾ ಕಟ್ಟಿ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಒಂದೂ ಚಾನೆಲ್ ಬರಲಿಲ್ಲ. ಮನೆಯಲ್ಲಿ ಡಿಟಿಎಚ್ ಇದೆ. ಆ ಬಾಕ್ಸಿನಿಂದ ಕಂಪ್ಯೂಟರ್‌ಗೆ ರೆಕಾರ್ಡ್ ಮಾಡಬಹುದಾ? ಕೇಬಲ್‌ನವರು ರೆಕಾರ್ಡ್ ಮಾಡಿದರೆ ಜೈಲು ಅಂತಾರೆ. ಗೆಳೆಯನೊಬ್ಬ ವರ್ಷಕ್ಕೆ 500 ರೂಪಾಯಿಗೆ ಎಲ್ಲ ಚಾನೆಲ್ ಬರುವ ಲಿಂಕ್ ಕೊಡಿಸ್ತೀನಿ ಅಂತಾನೆ. ನಾಲ್ಕನೇ ತಲೆಮಾರಿನ ಐ3 ಇರುವ ಹಳೆಯ ಡೆಸ್ಕ್‌ಟಾಪ್ ಒಂದಿದೆ. ಕರೆಂಟ್ ದಿನಕ್ಕೆ ನಾಲ್ಕೈದು ಸಲ ಹೋಗುತ್ತದೆ. ಈ ಕೆಲಸ ಆಗುತ್ತಾ, ಇಲ್ಲ ಸುಮ್ನೆ ದುಡ್ಡು ಕಳೆಯುವ ದಾರಿಯಾ?

ಉತ್ತರ: ಆಗುತ್ತದೆ. ನಿಮ್ಮ ಹಳೆಯ ಡೆಸ್ಕ್‌ಟಾಪ್‌ನಲ್ಲೇ ಆಗುತ್ತದೆ. ನಿಮ್ಮ ಪತ್ರ ಓದಿದರೆ ಕಂಪ್ಯೂಟರ್ ಬಗ್ಗೆಯೇ ಚಿಂತೆ ಜಾಸ್ತಿ ಇರುವಂತೆ ಕಾಣುತ್ತದೆ, ಆದರೆ ತೊಡಕಿರುವುದು ಅಲ್ಲಿಗೆ ಬರುವ ಸಿಗ್ನಲ್‌ನಲ್ಲಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಡಿಶ್ ಕೂರಿಸುವುದು, ನೆಟ್‌ವರ್ಕ್ ಕೇಬಲ್ ಎಳೆಯುವುದು ನನ್ನ ಕಸುಬು. ಟಿವಿ ರೆಕಾರ್ಡ್ ಮಾಡಿಟ್ಟು ಮನೆಮಂದಿಗೆ ಹಂಚುವ ಇಂಥ ಕಂಪ್ಯೂಟರ್‌ಗಳನ್ನು, ಅಂದ್ರೆ ಸರ್ವರ್‌ಗಳನ್ನೂ ಮಾಡಿಕೊಟ್ಟಿದ್ದೇನೆ. ಕೈಕೊಟ್ಟವೆಲ್ಲ ಎರಡೇ ಕಾರಣಕ್ಕೆ ಕೈಕೊಟ್ಟಿವೆ. ಒಂದೋ ಸಿಗ್ನಲ್‌ಗೆ ಬೀಗ ಬಿದ್ದಿತ್ತು, ಇಲ್ಲವೇ ನಮ್ಮ ಕರೆಂಟು, ಬಿಸಿಲು ಸೇರಿ ಮಷೀನನ್ನು ತಿಂದುಹಾಕಿದ್ದವು.

ಮೊದಲು ನೀವು ತರಿಸಿದ ಟ್ಯೂನರ್ ವಿಚಾರ. ಅದು ಕೆಟ್ಟಿಲ್ಲ, ನೀವು ಆಂಟೆನಾ ತಪ್ಪಾಗಿ ಕಟ್ಟಿಯೂ ಇಲ್ಲ. ನೀವು ನೋಡಿದ ವಿಡಿಯೊಗಳು ಅಮೆರಿಕದವು. ಅಲ್ಲಿ ಮನೆ ಮೇಲೆ ಆಂಟೆನಾ ಕಟ್ಟಿದರೆ ದೊಡ್ಡ ಚಾನೆಲ್‌ಗಳೆಲ್ಲ ಪುಕ್ಕಟೆ ಬರುತ್ತವೆ, ಅದೂ ಎಟಿಎಸ್‌ಸಿ ಎಂಬ ಅಲ್ಲಿನ ಪದ್ಧತಿಯಲ್ಲಿ. ನಮ್ಮ ದೇಶದಲ್ಲಿ ಆ ಪದ್ಧತಿಯೇ ಇಲ್ಲ. ಯುರೋಪಿನ ಟ್ಯೂನರ್ ತರಿಸಿದ್ದರೂ ನಿಮಗೆ ಏನೂ ಸಿಗುತ್ತಿರಲಿಲ್ಲ. ದೂರದರ್ಶನದ ಡಿಜಿಟಲ್ ಟವರ್‌ಗಳು ಬೆಂಗಳೂರಿನಂಥ ಕೆಲವೇ ನಗರಗಳಲ್ಲಿವೆ. ನಾವೆಲ್ಲ ಚಿಕ್ಕವರಿದ್ದಾಗ ಮೀನಿನ ಮುಳ್ಳಿನಂಥ ಆಂಟೆನಾ ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಹಳೆಯ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹುಪಾಲು 2022ರ ಹೊತ್ತಿಗೆ ಮುಚ್ಚಿದವು. ಸಿಂಧನೂರಿನ ಗಾಳಿಯಲ್ಲಿ ನಿಮ್ಮ ಆಂಟೆನಾ ಹಿಡಿಯಬಹುದಾದ ಟಿವಿ ಸಿಗ್ನಲ್ ಇಲ್ಲ. ವಾಪಸ್ ಕೊಡುವ ಅವಧಿ ಮುಗಿದಿರದಿದ್ದರೆ ಇವತ್ತೇ ವಾಪಸ್ ಕಳಿಸಿ.

ಇನ್ನು ಡಿಟಿಎಚ್. ಆ ಡಿಶ್‌ಗೆ ಬರುವ ಸಿಗ್ನಲ್‌ಗೆ ಬೀಗ ಹಾಕಿರುತ್ತಾರೆ. ಅದರ ಬೀಗದ ಕೈ ನಿಮ್ಮ ಬಾಕ್ಸು, ಕಾರ್ಡಿನ ಒಳಗಿದೆ. ಡಿಶ್ ವೈರನ್ನು ನೇರವಾಗಿ ಕಂಪ್ಯೂಟರಿನ ಟ್ಯೂನರ್‌ಗೆ ಕೊಟ್ಟರೆ ಚಾನೆಲ್ ಹೆಸರು ಕಾಣುತ್ತದೆ, ಚಿತ್ರ ಬರುವುದಿಲ್ಲ. ಕೇಬಲ್ ಕೂಡ ಅಷ್ಟೇ. 2017ರಲ್ಲಿ ಹಳ್ಳಿಗಳವರೆಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದ ಮೇಲೆ ಅಲ್ಲೂ ಬೀಗವೇ. ಹಾಗಾದರೆ ಬಾಕ್ಸಿನ ಎಚ್‌ಡಿಎಂಐ ತೂತಿನಿಂದ ಹಿಡಿಯೋಣ ಅಂದ್ರೆ ಅಲ್ಲೂ ಎಚ್‌ಡಿಸಿಪಿ ಎಂಬ ಇನ್ನೊಂದು ಬೀಗ. ಬಾಕ್ಸಿನ ಚಿತ್ರವನ್ನು ಕಂಪ್ಯೂಟರ್‌ಗೆ ಹಿಡಿದುಕೊಡುವ ಕ್ಯಾಪ್ಚರ್ ಕಾರ್ಡ್ ಹಾಕಿದರೆ ಕಪ್ಪು ಪರದೆ ಬರುತ್ತದೆ. ಆ ಬೀಗ ಮುರಿಯುವ ಚಿಕ್ಕ ಪೆಟ್ಟಿಗೆಗಳನ್ನು ಮಾರುವವರಿದ್ದಾರೆ. ನಾನು ಅವನ್ನು ಯಾರ ಮನೆಯಲ್ಲೂ ಹಾಕುವುದಿಲ್ಲ, ನೀವೂ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಡಿಟಿಎಚ್ ಕಂಪನಿಗಳದ್ದೇ ರೆಕಾರ್ಡ್ ಮಾಡುವ ಬಾಕ್ಸ್ ಇರುತ್ತದಲ್ಲ, ಅದು ತಪ್ಪೇನಲ್ಲ. ಹಣದ ಚಾನೆಲ್‌ಗಳ ಧಾರಾವಾಹಿಯೇ ಬೇಕು ಅನ್ನುವವರಿಗೆ ಅದೇ ಸರಿಯಾದ ದಾರಿ. ಆದರೆ ಅದರಲ್ಲಿ ಮಾಡಿದ ರೆಕಾರ್ಡಿಂಗ್ ಆ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ. ಹಾರ್ಡ್‌ಡಿಸ್ಕ್ ಬಿಚ್ಚಿ ಕಂಪ್ಯೂಟರ್‌ಗೆ ಹಾಕಿದರೆ ಅದು ತೆರೆಯುವುದಿಲ್ಲ. ಬಾಕ್ಸ್ ಸತ್ತರೆ ರೆಕಾರ್ಡಿಂಗೂ ಹೋಯಿತು ಅಂತಲೇ ತಿಳಿಯಿರಿ.

ಜೈಲಿನ ಮಾತು. ಕೇಬಲ್‌ನವರು ಹೇಳಿದ್ದರಲ್ಲಿ ಅರ್ಧ ಭಯ, ಅರ್ಧ ನಿಜ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂನಲ್ಲಿ ಇದಕ್ಕೆ ನೇರ ಉತ್ತರವೇ ಇದೆ. ರೆಕಾರ್ಡ್ ಮಾಡುವವರು ತಮ್ಮ ಸ್ವಂತ ಬಳಕೆಗೆ ಪ್ರಸಾರವನ್ನು ರೆಕಾರ್ಡ್ ಮಾಡಿಕೊಂಡರೆ ಅದು ಪ್ರಸಾರದ ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಅಪ್ಪ ತಪ್ಪಿಸಿಕೊಂಡ ಕಾರ್ಯಕ್ರಮವನ್ನು ನೀವು ಮನೆಯಲ್ಲಿ ಇಟ್ಟು ತೋರಿಸುವುದಕ್ಕೆ ಯಾರೂ ಹೆದರಬೇಕಿಲ್ಲ. ಅದೇ ರೆಕಾರ್ಡಿಂಗನ್ನು ಪೆನ್‌ಡ್ರೈವ್‌ಗೆ ಹಾಕಿ ಮಾರಿದರೆ, ದುಡ್ಡು ತೆಗೆದುಕೊಂಡು ಜನರಿಗೆ ತೋರಿಸಿದರೆ, ಊರಿನ ಮನೆಮನೆಗೆ ಮರುಪ್ರಸಾರ ಮಾಡಿದರೆ ತಪ್ಪು. ಬೀಗ ಮುರಿಯುವುದು ಇನ್ನೂ ಬೇರೆ ವಿಷಯ. 2012ರ ತಿದ್ದುಪಡಿಯಲ್ಲಿ 65ಎ ಎಂಬ ಕಲಂ ಸೇರಿದೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ. ಆ ಎಚ್‌ಡಿಎಂಐ ಪೆಟ್ಟಿಗೆ ಬೇಡ ಅಂದಿದ್ದು ಇದಕ್ಕೇ.

ನಿಮ್ಮ ಗೆಳೆಯ ಹೇಳಿದ 500 ರೂಪಾಯಿ ಲಿಂಕ್ ಎಂ3ಯು ಪಟ್ಟಿ ಇರಬೇಕು. ಪಟ್ಟಿ ಎಂಬುದೇ ಕಳ್ಳತನವಲ್ಲ. ಅದು ಚಾನೆಲ್‌ಗಳ ವಿಳಾಸ ಬರೆದ ಒಂದು ಸಾದಾ ಫೈಲ್ ಅಷ್ಟೇ. ನಿಮ್ಮ ಸ್ವಂತ ಸರ್ವರ್ ಕೂಡ ಅಂಥದ್ದೇ ಪಟ್ಟಿ ತಯಾರಿಸುತ್ತದೆ. ಆದರೆ ಎಲ್ಲ ಹಣದ ಚಾನೆಲ್‌ಗಳನ್ನೂ ವರ್ಷಕ್ಕೆ 500ಕ್ಕೆ ಕೊಡುವವರು ಅವನ್ನು ಎಲ್ಲಿಂದ ತಂದರು ಅಂತ ಯೋಚಿಸಿ. ಅದು ಇವತ್ತು ಇರುತ್ತದೆ, ನಾಳೆ ಬಂದ್ ಆಗುತ್ತದೆ. ಕೊಟ್ಟ ದುಡ್ಡನ್ನು ಕೇಳಲು ಒಂದು ಅಂಗಡಿಯೂ ಇರುವುದಿಲ್ಲ. ಅದರ ಜೊತೆಗೆ ಕೊಡುವ ಆ್ಯಪ್ ಫೋನ್‌ನಲ್ಲಿ ಏನೇನು ಓದುತ್ತದೆ ಎಂಬುದೂ ಗೊತ್ತಾಗುವುದಿಲ್ಲ. ಅದೇ ಫೋನ್‌ನಲ್ಲಿ ನಿಮ್ಮ ಬ್ಯಾಂಕ್ ಇದೆ ಅಲ್ವಾ?

ಹಾಗಾದರೆ ಬೀಗ ಇಲ್ಲದ ಸಿಗ್ನಲ್ ಎಲ್ಲಿದೆ? ನಿಮ್ಮ ತಲೆಯ ಮೇಲೆಯೇ ಇದೆ. ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ಈಗ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ತಿಂಗಳ ರೀಚಾರ್ಜ್ ಇಲ್ಲ, ಬಹುಪಾಲು ಚಾನೆಲ್‌ಗಳಿಗೆ ಬೀಗವೂ ಇಲ್ಲ. ಚಂದನ ಅದರಲ್ಲಿದೆ. ನಿಮ್ಮ ಅಪ್ಪನಿಗೆ ಬೇಕಾದದ್ದು ಅಲ್ಲಿಗೆ ಸಿಕ್ಕಿತು. ದೊಡ್ಡ ಕನ್ನಡ ಮನರಂಜನಾ ಚಾನೆಲ್‌ಗಳು ಮಾತ್ರ ಅದರಲ್ಲಿ ಸಿಗುವುದಿಲ್ಲ ಅಂತಲೇ ಲೆಕ್ಕ ಹಾಕಿ. ಅಮ್ಮನಿಗೆ ಧಾರಾವಾಹಿ ಬೇಕಿದ್ದರೆ ಡಿಟಿಎಚ್ ಹಾಗೇ ಇರಲಿ, ಇದು ಬೇರೆ ಇರಲಿ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತದಲ್ಲಿ ಸೈಟ್ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ಕೊಟ್ಟರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು. ಕೊಪ್ಪಳ ಆಗ ರಾಯಚೂರಿನಲ್ಲೇ ಇತ್ತು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಡಿಶ್, ಊರಿಗೆಲ್ಲ ಒಂದೇ ಟಿವಿ, ಅದರಲ್ಲಿ ಸಂಜೆ ಬೇಸಾಯದ ಕಾರ್ಯಕ್ರಮ. ಮನೆಗೊಂದು ಡಿಶ್ ಬರುವ ಎಷ್ಟೋ ವರ್ಷ ಮುಂಚೆ ನಮ್ಮ ಭಾಗದ ರೈತರು ಆಕಾಶದಿಂದ ಬಂದ ಟಿವಿ ನೋಡಿದ್ದರು. ಡಿಶ್ ಕೂರಿಸಲು ಹೋದಾಗ ಅದನ್ನು ನೆನಪಿಸಿಕೊಳ್ಳುವ ಹಿರಿಯರು ಸಿಕ್ಕಿದರೆ ನನಗೆ ತುಂಬಾ ಖುಷಿ. ನಿಮ್ಮ ಅಪ್ಪನನ್ನೂ ಕೇಳಿ ನೋಡಿ.

ಈಗ ಕೆಲಸಕ್ಕೆ ಬರೋಣ. ಸರ್ವರ್‌ಗಿಂತ ಮುಂಚೆ ಒಂದು ಸಣ್ಣ ದಾರಿ ಇದೆ, ಅದನ್ನು ಮೊದಲು ನೋಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಫ್ರೀ ಡಿಶ್ ಬಾಕ್ಸ್‌ಗಳಿಗೆ ಯುಎಸ್‌ಬಿ ತೂತು ಇರುತ್ತದೆ. ಪೆನ್‌ಡ್ರೈವ್ ಹಾಕಿ, ಟೈಮರ್ ಇಟ್ಟರೆ ಬಾಕ್ಸೇ ರೆಕಾರ್ಡ್ ಮಾಡುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿಸಿ, ಆ ಪೆನ್‌ಡ್ರೈವ್ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತದಾ ಅಂತ ನೋಡಿಕೊಳ್ಳಿ. ಅಪ್ಪನಿಗೆ ದಿನಕ್ಕೊಂದು ಕಾರ್ಯಕ್ರಮ ಸಾಕು ಅನ್ನುವುದಾದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಬಹುದು. ಇದರ ಕೊರತೆ ಏನೆಂದರೆ, ಕರೆಂಟ್ ಹೋಗಿ ಬಂದಾಗ ಕೆಲವು ಬಾಕ್ಸ್‌ಗಳು ಟೈಮರ್ ಮರೆಯುತ್ತವೆ. ಒಂದು ರೆಕಾರ್ಡ್ ಆಗುವಾಗ ಇನ್ನೊಂದು ಚಾನೆಲ್ ನೋಡಲು ಆಗದೆ ಇರಬಹುದು. ಹಾಸ್ಟೆಲ್‌ನಲ್ಲಿರುವ ತಮ್ಮನಿಗಂತೂ ಅದು ತಲುಪುವುದಿಲ್ಲ.

ತಮ್ಮನಿಗೆ ನೇರ ಪ್ರಸಾರ ಮಾತ್ರ ಸಾಕಾದರೆ ಅವನಿಗೆ ನಿಮ್ಮ ಸರ್ವರ್ ಬೇಕಾಗಿಯೇ ಇಲ್ಲ. ಪ್ರಸಾರ ಭಾರತಿಯವರದೇ ವೇವ್ಸ್ ಎಂಬ ಆ್ಯಪ್ 2024ರ ನವೆಂಬರ್‌ನಲ್ಲಿ ಬಂದಿದೆ, ಅದರಲ್ಲಿ ದೂರದರ್ಶನದ ಚಾನೆಲ್‌ಗಳು ಲೈವ್ ಬರುತ್ತವೆ. ಚಂದನದ ಯೂಟ್ಯೂಬ್ ಚಾನೆಲ್ ಕೂಡ ಇದೆ. ಸರ್ವರ್ ಬೇಕಾಗುವುದು ನಿಮ್ಮ ಮನೆಯದೇ ಒಂದು ಭಂಡಾರ ಕಟ್ಟುವುದಕ್ಕೆ. ಭತ್ತದ ಬೆಂಕಿ ರೋಗದ ಬಗ್ಗೆ ಬಂದ ಸಂಚಿಕೆ, ಹತ್ತಿಯ ಗುಲಾಬಿ ಕಾಯಿಕೊರಕದ ಬಗ್ಗೆ ಬಂದದ್ದು, ಹೀಗೆ ಹೆಸರಿಟ್ಟು ಜೋಡಿಸಿಟ್ಟರೆ ಮುಂದಿನ ಹಂಗಾಮಿನಲ್ಲಿ ಬೇಕಾದ ದಿನ ತೆಗೆದು ನೋಡಬಹುದು. ಅಪ್ಪನಿಗೂ ತಮ್ಮನ ಓದಿಗೂ ಅದು ನಿಜವಾಗಿ ಉಪಯೋಗ. ಈ ಆಸೆ ಇದ್ದರೆ ಮುಂದೆ ಓದಿ.

ನಿಮಗೆ ಬೇಕಾದದ್ದು ಒಂದು ಡಿಶ್, ಎರಡು ಔಟ್‌ಪುಟ್ ಇರುವ ಯುನಿವರ್ಸಲ್ ಎಲ್‌ಎನ್‌ಬಿ (ಡಿಶ್ ಮುಂದೆ ಕೂರುವ, ಸಿಗ್ನಲ್ ಹಿಡಿಯುವ ಭಾಗ), ಕಂಪ್ಯೂಟರ್‌ಗೆ ಒಂದು ಡಿವಿಬಿ-ಎಸ್2 ಟ್ಯೂನರ್, ಅಂದ್ರೆ ಉಪಗ್ರಹದ ಡಿಜಿಟಲ್ ಟಿವಿ ಸಿಗ್ನಲ್ ಓದುವ ಟ್ಯೂನರ್. ಎಸ್2 ಅಂತಲೇ ಕೇಳಿ ತೆಗೆದುಕೊಳ್ಳಿ. ಹಳೆಯ ಎಸ್ ಮಾತ್ರ ಇರುವ ಟ್ಯೂನರ್‌ನಲ್ಲಿ ಕೆಲವು ಚಾನೆಲ್‌ಗಳು ಬರುವುದಿಲ್ಲ. ನಿಮ್ಮದು ಡೆಸ್ಕ್‌ಟಾಪ್ ಆದ್ದರಿಂದ ಒಳಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೂ ಆಗುತ್ತದೆ, ಹೊರಗಿನ ಯುಎಸ್‌ಬಿಯೂ ಆಗುತ್ತದೆ. ಕೊಳ್ಳುವ ಮುಂಚೆ ಆ ಮಾಡೆಲ್‌ಗೆ ಲಿನಕ್ಸ್ (ವಿಂಡೋಸ್ ಬದಲು ಹಾಕುವ ಪುಕ್ಕಟೆ ವ್ಯವಸ್ಥೆ) ಡ್ರೈವರ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಜನ ಎಡವುವುದು ಹೆಚ್ಚಾಗಿ ಇಲ್ಲೇ. ವಿಂಡೋಸ್‌ಗೆ ಮಾತ್ರ ಡ್ರೈವರ್ ಇರುವ ಅಗ್ಗದ ಟ್ಯೂನರ್ ತಂದು ವಾರಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ.

ಇರುವ ವೈರನ್ನು ಸಾದಾ ಸ್ಪ್ಲಿಟರ್‌ನಿಂದ ಸೀಳಿ ಬಾಕ್ಸಿಗೊಂದು, ಟ್ಯೂನರ್‌ಗೊಂದು ಕೊಡಬೇಡಿ. ಬಾಕ್ಸ್ ಅದೇ ವೈರಿನ ಮೂಲಕ 13 ಅಥವಾ 18 ವೋಲ್ಟ್ ಕಳಿಸಿ ಯಾವ ಕಡೆಯ ಸಿಗ್ನಲ್ ಬೇಕು ಅಂತ ಎಲ್‌ಎನ್‌ಬಿಗೆ ಹೇಳುತ್ತದೆ. ಇಬ್ಬರು ಒಂದೇ ವೈರಿನಲ್ಲಿ ಬೇರೆ ಬೇರೆ ಆಜ್ಞೆ ಕೊಟ್ಟರೆ ಇಬ್ಬರಿಗೂ ಸರಿಯಾಗಿ ಸಿಗುವುದಿಲ್ಲ. ಎರಡು ಔಟ್‌ಪುಟ್ ಬೇಕು ಅಂದಿದ್ದು ಅದಕ್ಕೇ. ಡಿಶ್ ಮುಖ ಆಗ್ನೇಯಕ್ಕೆ ಇರಲಿ. ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ನಮ್ಮ ಮೂರೂ ಜಿಲ್ಲೆಗಳಿಂದ ನೋಡಿದರೆ ಅದು ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ. ಇದು ಚೆನ್ನಾದ ಎತ್ತರ. ಪಕ್ಕದ ಮನೆ, ಬೇವಿನ ಮರ ಅಡ್ಡ ಬರುವುದು ಕಡಿಮೆ.

ತಂತ್ರಾಂಶಕ್ಕೆ ದುಡ್ಡು ಬೇಡ. ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಟಿವಿಹೆಡೆಂಡ್ ಹಾಕಿ. ಸಿಗ್ನಲ್ ಹಿಡಿಯುವುದು, ಚಾನೆಲ್ ಹುಡುಕುವುದು, ಸಮಯಕ್ಕೆ ಸರಿಯಾಗಿ ರೆಕಾರ್ಡ್ ಮಾಡುವುದು, ಮನೆಯೊಳಗೆ ಹಂಚುವುದು ಎಲ್ಲ ಅದೇ ನೋಡಿಕೊಳ್ಳುತ್ತದೆ. ಬ್ರೌಸರ್‌ನಲ್ಲಿ 9981 ಪೋರ್ಟ್‌ಗೆ ಹೋದರೆ ಅದರ ಪುಟ ತೆರೆಯುತ್ತದೆ. ರೆಕಾರ್ಡ್ ಆದದ್ದನ್ನು ಚೆಂದವಾಗಿ ಜೋಡಿಸಿ ಫೋನ್‌ಗೆ ಕೊಡಲು ಜೆಲ್ಲಿಫಿನ್ ಹಾಕಿ, ಅದೂ ಪುಕ್ಕಟೆ. ಪ್ಲೆಕ್ಸ್ ಅಂತ ಇನ್ನೊಂದಿದೆ. ಚೆನ್ನಾಗಿದೆ, ಆದರೆ ಅದರಲ್ಲಿ ಲೈವ್ ಟಿವಿ ರೆಕಾರ್ಡ್ ಮಾಡಲು ಚಂದಾ ಕಟ್ಟಬೇಕು.

ಒಂದು ಟ್ಯೂನರ್‌ನಲ್ಲಿ ಒಂದೇ ಚಾನೆಲ್ ಅನ್ನುವುದು ಪೂರ್ತಿ ನಿಜವಲ್ಲ. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ, ಅಂದ್ರೆ ಸಿಗ್ನಲ್ ಕಳಿಸುವ ಒಂದು ಘಟಕದಲ್ಲಿ, ಹಲವು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ. ಅದೇ ಟ್ರಾನ್ಸ್‌ಪಾಂಡರ್‌ನ ಎರಡು ಮೂರು ಚಾನೆಲ್‌ಗಳನ್ನು ಒಂದೇ ಟ್ಯೂನರ್‌ನಿಂದ ಒಟ್ಟಿಗೇ ರೆಕಾರ್ಡ್ ಮಾಡಬಹುದು. ಕಾರ್ಯಕ್ರಮದ ವೇಳಾಪಟ್ಟಿ ಸಿಗ್ನಲ್ ಜೊತೆ ಬರುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಗಡಿಯಾರದ ಪ್ರಕಾರ ಟೈಮರ್ ಇಡಿ, 5 ನಿಮಿಷ ಮುಂಚೆ ಶುರುವಾಗಿ 10 ನಿಮಿಷ ತಡವಾಗಿ ಮುಗಿಯುವಂತೆ.

ಹಾರ್ಡ್‌ಡಿಸ್ಕ್ ಲೆಕ್ಕ ಸುಲಭ. ಸಾಮಾನ್ಯ ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್‌ನಂತೆ ಬಂದರೆ ಗಂಟೆಗೆ ಸುಮಾರು 1.35 ಜಿಬಿ. ದಿನಾ ಮುಕ್ಕಾಲು ಗಂಟೆ ರೆಕಾರ್ಡ್ ಮಾಡಿದರೆ ದಿನಕ್ಕೆ 1 ಜಿಬಿ, ವರ್ಷಕ್ಕೆ 365 ಜಿಬಿ. 1 ಟಿಬಿ ಡಿಸ್ಕ್ ಎರಡು ವರ್ಷಕ್ಕೆ ಧಾರಾಳ. ರೆಕಾರ್ಡ್ ಮಾಡುವಾಗ ಕಂಪ್ಯೂಟರ್‌ಗೆ ಶ್ರಮವೇ ಇಲ್ಲ. ಬಂದ ಸಿಗ್ನಲನ್ನು ಹಾಗೇ ಫೈಲಿಗೆ ಸುರಿಯುತ್ತದೆ, ಅಷ್ಟೇ.

ಶ್ರಮ ಬೀಳುವುದು ಫೋನ್‌ನಲ್ಲಿ ನೋಡುವಾಗ. ಫ್ರೀ ಡಿಶ್‌ನ ಎಷ್ಟೋ ಚಾನೆಲ್‌ಗಳು ಎಂಪೆಗ್-2 ಎಂಬ ಹಳೆಯ ರೂಪದಲ್ಲಿ ಬರುತ್ತವೆ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಅದನ್ನು ಸಲೀಸಾಗಿ ಓಡಿಸುತ್ತದೆ. ಫೋನಿನ ಬ್ರೌಸರ್ ಓಡಿಸುವುದಿಲ್ಲ. ಆಗ ಸರ್ವರ್ ಅದನ್ನು ಆ ಕ್ಷಣದಲ್ಲೇ ಫೋನ್‌ಗೆ ಅರ್ಥವಾಗುವ ಎಚ್.264 ರೂಪಕ್ಕೆ ಬದಲಿಸಿ ಕೊಡಬೇಕು. ‘ರೆಕಾರ್ಡ್ ಆಗಿದೆ, ಫೋನ್‌ನಲ್ಲಿ ಬರುತ್ತಿಲ್ಲ’ ಅಂತ ನನಗೆ ಬರುವ ಕರೆಗಳಲ್ಲಿ ಬಹಳಷ್ಟು ಇದೇ ಕಾರಣಕ್ಕೆ. ನಿಮ್ಮ ನಾಲ್ಕನೇ ತಲೆಮಾರಿನ ಐ3ರೊಳಗಿನ ಗ್ರಾಫಿಕ್ಸ್‌ಗೆ ಈ ಬದಲಾವಣೆ ಮಾಡುವ ಶಕ್ತಿ ಇದೆ. ಜೆಲ್ಲಿಫಿನ್‌ನಲ್ಲಿ ಹಾರ್ಡ್‌ವೇರ್ ವೇಗವರ್ಧನೆ ಆನ್ ಮಾಡಿ.

ಹಾಸ್ಟೆಲ್‌ಗೆ ತಲುಪಿಸುವಾಗ ಒಂದು ಗೋಡೆ ಎದುರಾಗುತ್ತದೆ. ನಮ್ಮಲ್ಲಿ ಹೆಚ್ಚಿನ ಮನೆ ಸಂಪರ್ಕಗಳಿಗೆ ಸ್ವಂತ ಐಪಿ ವಿಳಾಸ ಇರುವುದಿಲ್ಲ. ನೂರಾರು ಮನೆಗೆ ಒಂದೇ ವಿಳಾಸ ಹಂಚಿರುತ್ತಾರೆ. ಹಾಗಿದ್ದಾಗ ರೌಟರ್‌ನಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ಬರಲು ಆಗುವುದಿಲ್ಲ. ಪೋರ್ಟ್ ತೆರೆಯುವುದು ಸುರಕ್ಷಿತವೂ ಅಲ್ಲ. ಟೇಲ್‌ಸ್ಕೇಲ್ ಎಂಬ ಖಾಸಗಿ ಸುರಂಗದಂಥ ವ್ಯವಸ್ಥೆಯನ್ನು ಸರ್ವರ್ ಮತ್ತು ತಮ್ಮನ ಫೋನ್ ಎರಡರಲ್ಲೂ ಹಾಕಿ. ಮನೆ ಮಟ್ಟಕ್ಕೆ ಅದು ಪುಕ್ಕಟೆ. ನಿಮ್ಮ ಮನೆಯ ಅಪ್‌ಲೋಡ್ ವೇಗ 2-3 ಎಂಬಿಪಿಎಸ್ ಇದ್ದರೂ ಒಬ್ಬನಿಗೆ ಸಾಕು. ಅವನ ಪಾಸ್‌ವರ್ಡ್ ಹಾಸ್ಟೆಲ್ ಗೆಳೆಯರ ಕೈಗೆ ಹೋಗದಿರಲಿ. ಸ್ವಂತ ಬಳಕೆ ಅನ್ನುವ ಗೆರೆ ಅಲ್ಲಿಗೆ ದಾಟುತ್ತದೆ.

ಇನ್ನು ಕರೆಂಟು. ಇದರ ಬಗ್ಗೆ ನಾನು ಜಾಸ್ತಿ ಹೇಳಬೇಕು. ನಾನು ನನ್ನ ಮನೆಗೆ ಮಾಡಿಕೊಂಡ ಮೊದಲ ಸರ್ವರ್ ಒಂದೇ ಬೇಸಿಗೆಯಲ್ಲಿ ಹೋಯಿತು. ಬರೆಯುತ್ತಿರುವಾಗ ಕರೆಂಟ್ ಹೋಗಿ ಹೋಗಿ ಡಿಸ್ಕ್ ಸತ್ತಿತು. ಅದರಲ್ಲಿ ನಮ್ಮ ಅಜ್ಜಿ ಇಷ್ಟಪಟ್ಟು ಕೇಳುತ್ತಿದ್ದ ತತ್ವಪದಗಳ ರೆಕಾರ್ಡಿಂಗ್ ಇದ್ದವು, ಮತ್ತೆ ಸಿಗಲಿಲ್ಲ. ಅವತ್ತಿನಿಂದ ಮೊದಲು ಕರೆಂಟಿನ ಏರ್ಪಾಡು ಮಾಡದೆ ಯಾರಿಗೂ ಸರ್ವರ್ ಹಾಕಿಕೊಟ್ಟಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದಕ್ಕೆ ಹಾಕಿ. ಸಾದಾ ಮೋಡ್‌ನಲ್ಲಿ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಒಂದು ಚಿಕ್ಕ ಯುಪಿಎಸ್ ತೆಗೆದುಕೊಳ್ಳಿ. ಸುಗ್ಗಿಯಲ್ಲಿ ರೈಸ್ ಮಿಲ್‌ಗಳು ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುವುದು ನಿಮ್ಮ ಕಡೆ ಗೊತ್ತಿರುವ ವಿಷಯವೇ. ರೌಟರ್ ಮತ್ತು ಫೈಬರ್ ಡಬ್ಬಿಗೂ ಬ್ಯಾಟರಿ ಬ್ಯಾಕಪ್ ಕೊಡಿ. ಕಂಪ್ಯೂಟರಿನ ಬಯೋಸ್‌ನಲ್ಲಿ (ಆನ್ ಆಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್) ‘ಕರೆಂಟ್ ಬಂದ ಕೂಡಲೇ ತಾನೇ ಶುರುವಾಗು’ ಎಂಬ ಆಯ್ಕೆ ಹುಡುಕಿ ಆನ್ ಮಾಡಿ. ಅದು ಇಲ್ಲದಿದ್ದರೆ ಸಂಜೆ ಐದಕ್ಕೆ ಕರೆಂಟ್ ಹೋಗಿ ಬಂದು, ಸರ್ವರ್ ಮಲಗಿಯೇ ಇದ್ದು, ಕಾರ್ಯಕ್ರಮ ಹೋಗಿರುತ್ತದೆ. ಮದರ್‌ಬೋರ್ಡಿನ ಗುಂಡು ಸೆಲ್ಲನ್ನೂ ಬದಲಿಸಿ. ಇಷ್ಟು ಹಳೆಯ ಮಷೀನ್‌ನಲ್ಲಿ ಅದು ಸತ್ತಿರುವುದೇ ಜಾಸ್ತಿ. ಗಡಿಯಾರ ತಪ್ಪಿದರೆ ಟೈಮರ್ ಕೂಡ ತಪ್ಪುತ್ತದೆ.

ಕರೆಂಟ್ ಬಿಲ್ಲನ್ನೂ ಮೊದಲೇ ಯೋಚಿಸಿ. ಹಳೆಯ ಡೆಸ್ಕ್‌ಟಾಪ್ 70 ವ್ಯಾಟ್ ಎಳೆದರೆ ದಿನವಿಡೀ ಆನ್ ಇದ್ದಾಗ ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ಬಿಲ್ ಬರುತ್ತದೆ. 200 ದಾಟಿದರೆ ಪೂರ್ತಿ ಬಿಲ್. ಹಾಗಾಗಿ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಒಂದು ತಿಂಗಳು ನಡೆಸಿ ನೋಡಿ, ಸರ್ವರ್ ನಿಜವಾಗಿ ಬಳಕೆಯಾಗುತ್ತದೆ ಅನಿಸಿದರೆ ಇಂಟೆಲ್ ಎನ್100 ಇರುವ ಚಿಕ್ಕ ಪಿಸಿಗೆ ಬದಲಾಗಿ. ಅದು 12 ವ್ಯಾಟ್ ಎಳೆದರೆ ತಿಂಗಳಿಗೆ 9 ಯೂನಿಟ್ ಕೂಡ ಆಗುವುದಿಲ್ಲ. ಕಾರ್ಡ್ ಅದರಲ್ಲಿ ಕೂರುವುದಿಲ್ಲ. ಹೀಗೆ ಬದಲಾಗುವ ಯೋಚನೆ ಇದ್ದರೆ ಮೊದಲೇ ಯುಎಸ್‌ಬಿ ಟ್ಯೂನರ್ ತೆಗೆದುಕೊಳ್ಳಿ.

ಬಿಸಿಲು. ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ ಇರುವಾಗ ತಗಡಿನ ಶೆಡ್ಡಿನಲ್ಲೋ, ಮುಚ್ಚಿದ ಟಿವಿ ಕಪಾಟಿನಲ್ಲೋ ಇಟ್ಟ ಹಾರ್ಡ್‌ಡಿಸ್ಕ್ 60 ಡಿಗ್ರಿ ಮುಟ್ಟುತ್ತದೆ. ಸಾಮಾನ್ಯ ಡಿಸ್ಕ್‌ಗಳ ಮಿತಿಯೇ ಅಷ್ಟು. ಮನೆಯ ಅತಿ ತಂಪಾದ ಕೋಣೆಯ ನೆಲದಿಂದ ಸ್ವಲ್ಪ ಮೇಲೆ, ಗಾಳಿ ಆಡುವ ಕಡೆ ಇಡಿ. ಎರಡು ತಿಂಗಳಿಗೊಮ್ಮೆ ಧೂಳು ಊದಿ ತೆಗೆಯಿರಿ. ಮಾಳಿಗೆ ಮೇಲಿನ ಡಿಶ್‌ಗೆ ಅರ್ಥಿಂಗ್ ಕೊಡಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಡಿಶ್ ವೈರಿನಿಂದಲೇ ಸಿಡಿಲಿನ ಹೊಡೆತ ಟ್ಯೂನರ್‌ಗೆ ಇಳಿದದ್ದನ್ನು ನೋಡಿದ್ದೇನೆ. ಗುಡುಗು ಜೋರಾದರೆ ವೈರ್ ಬಿಚ್ಚಿಡಿ, ಅವತ್ತಿನ ಕಾರ್ಯಕ್ರಮ ಹೋದರೆ ಹೋಗಲಿ.

ಕೊನೆಗೆ ಅಪ್ಪನ ಕೈಗೆ ಬರುವ ರಿಮೋಟ್. ಇಷ್ಟೆಲ್ಲ ಮಾಡಿ ಅವರಿಗೆ ಆ್ಯಪ್, ಪಾಸ್‌ವರ್ಡ್, ಮೌಸ್ ಅಂತ ಕೊಟ್ಟರೆ ಅವರು ಎರಡನೇ ದಿನ ಬಿಟ್ಟುಬಿಡುತ್ತಾರೆ. ಟಿವಿ ಹಿಂದೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಟ್ಟು, ಅದರಲ್ಲಿ ಟಿವಿ ಪರದೆಯಲ್ಲಿ ವಿಡಿಯೊ ತೋರಿಸುವ ಕೋಡಿ ಎಂಬ ತಂತ್ರಾಂಶ ಹಾಕಿ. ಟಿವಿಹೆಡೆಂಡ್‌ಗೆ ಕೋಡಿಯಲ್ಲಿ ಆಡ್-ಆನ್ ಇದೆ. ಪೈ ಎಚ್‌ಡಿಎಂಐ-ಸಿಇಸಿ ಅರ್ಥ ಮಾಡಿಕೊಳ್ಳುತ್ತದೆ, ಅಂದ್ರೆ ನಿಮ್ಮ ಟಿವಿಯಲ್ಲೂ ಆ ಸೌಲಭ್ಯ ಇದ್ದರೆ ಟಿವಿಯದೇ ರಿಮೋಟ್‌ನಿಂದ ಕೋಡಿ ನಡೆಯುತ್ತದೆ. ಟಿವಿ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಬೇಕು, ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿರುತ್ತದೆ. ಕೋಡಿ ತೆರೆದ ಕೂಡಲೇ ನೇರವಾಗಿ ರೆಕಾರ್ಡಿಂಗ್ ಪಟ್ಟಿ ಕಾಣುವಂತೆ ಇಡಿ, ಹೊಸದು ಮೇಲೆ ಬರಲಿ. ಅಪ್ಪ ಗದ್ದೆಯಿಂದ ರಾತ್ರಿ ಹತ್ತಕ್ಕೆ ಬಂದು, ಊಟಕ್ಕೆ ಕೂತು, ಓಕೆ ಒತ್ತಿದರೆ ಸಂಜೆಯ ಕಾರ್ಯಕ್ರಮ ಮೊದಲಿನಿಂದ ಶುರುವಾಗಬೇಕು. ಅಷ್ಟು ಆದ ಮೇಲೆ ತಮ್ಮನ ಫೋನಿನ ಕೆಲಸಕ್ಕೆ ಕೈಹಾಕಿ.